ಬೀರುವಿನಿಂದ ತೋಟಕ್ಕೆ: ಹಳೇ ಪೆಂಟಾಕ್ಸ್ ಕೆ1000ನ ಮತ್ತೆ ಓಡಿಸೋ ಪೂರ್ತಿ ಮಾರ್ಗದರ್ಶಿ

ಮಾವನ ಬೀರುವಿನ ಕೆಳಗಿನ ಖಾನೆಯಲ್ಲಿ, ಹಳೇ ಕಂಬಳಿ ಮತ್ತೆ ನ್ಯಾಫ್ತಲಿನ್ ಗುಳಿಗೆಗಳ ಮಧ್ಯ ಒಂದು ಲೆದರ್ ಕೇಸ್ ಇತ್ತು, ಮೇಲೆ ಬಿಳೀ ಬೂಷ್ಟು ಎಷ್ಟಿತ್ತು ಅಂದ್ರೆ ಬಟ್ಟೆಯಲ್ಲಿ ಒರೆಸಿದ್ಮೇಲೇ ಅದು ಕಂದು ಬಣ್ಣ ಅಂತ ಗೊತ್ತಾಗಿದ್ದು. ಒಳಗೆ ಮಾವ ಆರ್ಮಿಲಿದ್ದಾಗ ತಗೊಂಡಿದ್ದ ಫಿಲ್ಮ್ ಕ್ಯಾಮೆರಾ, ಪೆಂಟಾಕ್ಸ್ ಕೆ1000. "ತಗೊಂಡು ಹೋಗು, ಓಡ್ತದೋ ಇಲ್ವೋ ನಂಗಂತೂ ಗೊತ್ತಿಲ್ಲ" ಅಂದ್ರು. ನಾನು ಖುಷಿ ತಡೀಲಾರದೆ ಅಲ್ಲೇ ಜಗಲಿಯಲ್ಲಿ ಕೂತು ಹಿಂದಿನ ಬಾಗಿಲು ತೆಗೆದೇಬಿಟ್ಟೆ. ಒಳಗೆ ಫಿಲ್ಮ್ ಇತ್ತು. ಎಷ್ಟೋ ವರ್ಷ ಕತ್ತಲಲ್ಲಿದ್ದ ಫಿಲ್ಮು ಮಧ್ಯಾಹ್ನದ ಬಿಸಿಲಿಗೆ ಪಳಪಳ ಅಂತ ಹೊಳೀತಿತ್ತು. ಟಪ್ ಅಂತ ಮುಚ್ಚಿದೆ, ಆದ್ರೆ ಆಗೋದು ಆಗಿಹೋಗಿತ್ತು.

ಹಾಗಾಗಿ ಈ ಮಾರ್ಗದರ್ಶಿಯ ಮೊದಲನೇ ಮಾತು ಇದೇ: ಹಳೇ ಕ್ಯಾಮೆರಾ ಕೈಗೆ ಬಂದ ತಕ್ಷಣ ಬಾಗಿಲು ತೆಗೀಬೇಡಿ. ಎಡಗಡೆ ಮೇಲೆ ರಿವೈಂಡ್ ಗುಬ್ಬಿ (ಫಿಲ್ಮನ್ನ ವಾಪಸ್ ಸುತ್ತೋ ದುಂಡು ತಿರುಗಣೆ) ಇರತ್ತಲ್ಲ, ಅದರ ಪುಟ್ಟ ಹಿಡಿನ ಬಿಡಿಸಿ ಬಾಣದ ಗುರುತಿರೋ ಕಡೆಗೆ ಮೆಲ್ಲಗೆ ತಿರುಗಿಸಿ. ಸಲೀಸಾಗಿ ಗಿರಗಿರ ತಿರುಗಿದ್ರೆ ಒಳಗೆ ಏನೂ ಇಲ್ಲ. ಬಿಗಿಯಾಗಿ ಹಿಡ್ಕೊಂಡ್ರೆ ಫಿಲ್ಮ್ ಇದೆ, ತಳದ ಸಣ್ಣ ಬಟನ್ ಒತ್ತಿ, ಪೂರ್ತಿ ಸುತ್ತಿ ಡಬ್ಬಿಯೊಳಗೆ ಸೇರಿಸಿ ಆಮೇಲೆ ತೆಗೀರಿ. ಅದನ್ನ ಬಿಸಾಕ್ಬೇಡಿ, ಯಾಕೆ ಅಂತ ಮುಂದೆ ಹೇಳ್ತೀನಿ.

ಇದೇ ಕ್ಯಾಮೆರಾ ಯಾಕೆ

ಕೆ1000 ಬಂದಿದ್ದು 1976ರಲ್ಲಿ, 1997ರ ತನಕ ಮಾಡ್ತಾನೇ ಇದ್ರು. 30 ಲಕ್ಷಕ್ಕೂ ಜಾಸ್ತಿ ಮಾರಾಟ ಆಗಿದೆ. ತಮಾಷೆ ಅಂದ್ರೆ ಹುಟ್ಟಿದ ವರ್ಷವೇ ಇದು ಹಳೇಕಾಲದ್ದು ಅನ್ನಿಸ್ಕೊಂಡಿತ್ತು, ಯಾಕಂದ್ರೆ ಅದೇ 1976ರಲ್ಲಿ ಕ್ಯಾನನ್ ಎಇ-1 ಬಂತು, ಒಳಗೆ ಮೈಕ್ರೋಪ್ರೊಸೆಸರ್ ಇರೋದು. ಕೆ1000ನಲ್ಲಿ ಸೆಲ್ಫ್ ಟೈಮರೂ ಇಲ್ಲ, ಆಟೋ ಅನ್ನೋದು ಏನೂ ಇಲ್ಲ, ಬೆಳಕು ಅಳೆಯೋ ಮೀಟರಿಗೆ ಒಂದು ಆನ್-ಆಫ್ ಸ್ವಿಚ್ ಕೂಡ ಇಲ್ಲ. ಆದ್ರೆ ಇವತ್ತು ಎಇ-1ರ ಬ್ಯಾಟರಿ ಸತ್ರೆ ಶಟರ್ (ಫಿಲ್ಮಿಗೆ ಬೆಳಕು ಬಿಡೋ ಪರದೆ) ಬೀಳಲ್ಲ, ಎಲೆಕ್ಟ್ರಾನಿಕ್ ಭಾಗ ಸುಟ್ರೆ ಇನ್ನೊಂದು ಸತ್ತ ಕ್ಯಾಮೆರಾದಿಂದ ಕಿತ್ತು ಹಾಕ್ಬೇಕು. ಕೆ1000 ಶಟರ್ ಪೂರ್ತಿ ಸ್ಪ್ರಿಂಗು, ಹಲ್ಲಿನ ಚಕ್ರ. ಬ್ಯಾಟರಿ ಬೇಕಾಗೋದು ಮೀಟರ್ ಮುಳ್ಳಿಗೆ ಮಾತ್ರ. ಗಾಳಿಮಳೆಗೆ ಮರ ಬಿದ್ದು ಎರಡ್ಮೂರು ದಿನ ಕರೆಂಟಿಲ್ಲದೆ ಕೂರೋ ನಮ್ಮ ಕೊಡಗಿನವರಿಗೆ ಇದರ ಬೆಲೆ ಬಿಡಿಸಿ ಹೇಳ್ಬೇಕಾಗಿಲ್ಲ.

ನಿಮ್ಮತ್ರ ಕೆ1000ನೇ ಇರ್ಬೇಕು ಅಂತೇನಿಲ್ಲ. ಯಾಶಿಕಾ ಎಫ್‌ಎಕ್ಸ್-3, ಜೆನಿಟ್, ನಿಕಾನ್ ಎಫ್‌ಎಂ10, ಸ್ವಲ್ಪ ದುಡ್ಡಿದ್ರೆ 1982ರ ನಿಕಾನ್ ಎಫ್‌ಎಂ2, ಇವೆಲ್ಲ ಇದೇ ಜಾತಿ. ಕೆಳಗೆ ಬರೆದಿದ್ದರಲ್ಲಿ ಮುಕ್ಕಾಲುಪಾಲು ಅವಕ್ಕೂ ಹೊಂದತ್ತೆ.

ಮೊದಲನೇದು: ಟಾರ್ಚ್ ಹಿಡಿದು ಪರೀಕ್ಷೆ

ಫಿಲ್ಮ್ ಇಲ್ಲ ಅಂತ ಖಾತ್ರಿ ಆದ್ಮೇಲೆ ರಿವೈಂಡ್ ಗುಬ್ಬಿನ ಮೇಲಕ್ಕೆ ಎಳೀರಿ, ಬಾಗಿಲು ತೆಗೆದುಕೊಳ್ಳತ್ತೆ. ಅಂಚಿನ ಸಣ್ಣ ತೋಡಿನಲ್ಲಿ ಕಪ್ಪು ಫೋಮ್ ಇರ್ಬೇಕು, ಬೆಳಕು ಒಳಗೆ ನುಗ್ಗದ ಹಾಗೆ. ಹಳೇ ಕ್ಯಾಮೆರಾದಲ್ಲಿ ಅದು ಕರಗಿ ಡಾಂಬರಿನ ಥರ ಅಂಟಂಟು ಆಗಿರತ್ತೆ, ಬೆರಳಿಗೆ ಹತ್ತಿದ್ರೆ ಹೋಗಲ್ಲ. ಇದು ದೊಡ್ಡ ರೋಗ ಏನಲ್ಲ, ಮನೆಯಲ್ಲೇ ಸರಿ ಮಾಡ್ಬಹುದು: ಮೆಡಿಕಲ್ ಶಾಪಿನಲ್ಲಿ ಸಿಗೋ ಐಸೋಪ್ರೊಪೈಲ್ ಆಲ್ಕೋಹಾಲ್, ಒಂದಿಷ್ಟು ಟೂತ್‌ಪಿಕ್, ಇಯರ್ ಬಡ್. ಹಳೇ ಅಂಟನ್ನ ನಿಧಾನಕ್ಕೆ ಕೆರೆದು ತೆಗೆದು, ಒಣಗಿಸಿ, ತೋಡಿನಲ್ಲಿ ಕಪ್ಪು ಉಲ್ಲನ್ ನೂಲು ಕೂರಿಸಿದ್ರೂ ನಡೆಯತ್ತೆ. ನಾನು ಹಾಕಿರೋದು ಅದೇ, ಅತ್ತೆ ಸ್ವೆಟರ್ ಹೆಣೆದು ಮಿಕ್ಕಿದ್ದ ನೂಲು. ಮುಂದೆ ಕನ್ನಡಿ ಮೇಲೆ ಬಡಿಯೋ ಜಾಗದಲ್ಲೂ ಒಂದು ಪಟ್ಟಿ ಫೋಮ್ ಇರತ್ತೆ, ಅಲ್ಲಿ ಮಾತ್ರ ಹುಷಾರು. ಕನ್ನಡಿಯ ಲೇಪ ಗಾಜಿನ ಮುಂದುಗಡೆನೇ ಇರೋದು, ಉಜ್ಜಿದ್ರೆ ಗೀರು ಶಾಶ್ವತ. ಅದರ ಮೇಲಿರೋ ಫೋಕಸಿಂಗ್ ಸ್ಕ್ರೀನಿಗೂ ಆಲ್ಕೋಹಾಲ್ ತಾಗಿಸ್ಬೇಡಿ.

ಶಟರ್ ಪರದೆ ರಬ್ಬರ್ ಲೇಪದ ಬಟ್ಟೆ. ಲೆನ್ಸ್ ಬಿಚ್ಚಿ ಮುಂದಿನಿಂದ ನೋಡೋಕೆ ಹೋದ್ರೆ ಕನ್ನಡಿ ಅಡ್ಡ ಬರತ್ತೆ. ಶಟರನ್ನ ಬಿ ನಲ್ಲಿಟ್ಟು (ಒತ್ತಿದಷ್ಟು ಹೊತ್ತು ತೆರೆದೇ ಇರೋ ಸೆಟ್ಟಿಂಗ್) ಒತ್ತಿ ಹಿಡ್ಕೊಂಡ್ರೆ ಕನ್ನಡಿ ಮೇಲೆ ಹೋಗತ್ತೆ, ಆದ್ರೆ ಪರದೆನೂ ತೆರ್ಕೊಂಡುಬಿಡತ್ತೆ. ಹಾಗಾಗಿ ಬಾಗಿಲು ತೆಗೆದು ಹಿಂದಿನ ಕಡೆಯಿಂದಲೇ ಮುಚ್ಚಿದ ಪರದೆನ ಟಾರ್ಚಿನ ಓರೆ ಬೆಳಕಲ್ಲಿ ನೋಡಿ, ಸುಕ್ಕು, ಬಿರುಕು, ಚುಕ್ಕಿ ತೂತು ಇದ್ಯಾ ಅಂತ. ತೂತು ಕಂಡ್ರೆ ರಿಪೇರಿಯವರ ಹತ್ರ ಹೋಗ್ಬೇಕು.

ಆಮೇಲೆ ಕಿವಿ ಕೆಲಸ. ಡಯಲ್ಲನ್ನ 1ಕ್ಕಿಡಿ, ಒತ್ತಿ. ಒಳಗೆ ಜೀರುಂಡೆ ಥರ ಸಣ್ಣಗೆ ಝರ್ರ್ ಅಂತ ಸದ್ದು, ಸರಿಯಾಗಿ ಒಂದು ಸೆಕೆಂಡಿಗೆ ಟಕ್ ಅಂತ ಮುಚ್ಚಬೇಕು. ಮೊಬೈಲಲ್ಲಿ ರೆಕಾರ್ಡ್ ಮಾಡಿ ಅಳತೆ ನೋಡ್ಬಹುದು. ನನ್ನದು ಮೊದಲ ದಿನ ಎರಡೂವರೆ ಸೆಕೆಂಡ್ ತಗೊಂಡು, ಕೆಲವು ಸಲ ಅರ್ಧಕ್ಕೇ ನಿಂತುಬಿಡ್ತಿತ್ತು, ಹಳೇ ಗ್ರೀಸ್ ಗಟ್ಟಿಯಾಗಿ. ದಿನಾ ಐವತ್ತರವತ್ತು ಸಲ ಖಾಲಿ ಒತ್ತಿ ಒತ್ತಿ ಒಂದು ವಾರದಲ್ಲಿ ಸುಮಾರಾಗಿ ದಾರಿಗೆ ಬಂತು. ಎಲ್ಲಾ ಕ್ಯಾಮೆರಾಗೂ ಹೀಗಾಗತ್ತೆ ಅಂತಲ್ಲ, ಬಾರದಿದ್ರೆ ಸರ್ವಿಸ್ ಮಾಡಿಸಿ. ದಯವಿಟ್ಟು ಹೊಲಿಗೆ ಮಿಷನ್ ಎಣ್ಣೆ ಬಿಡ್ಬೇಡಿ. ಬಿಡೋವರು ಇದ್ದಾರೆ, ಅದಕ್ಕೆ ಹೇಳ್ತಿದೀನಿ.

ಎರಡನೇದು: ಲೆನ್ಸಿನ ಫಂಗಸ್

ಕೊಡಗಲ್ಲಿ ಹಳೇ ಕ್ಯಾಮೆರಾ ಕೊಳ್ಳೋವರು, ಬೀರುವಿಂದ ಹೊರಗೆ ತೆಗೆಯೋವರು ಎಲ್ಲರೂ ಜಾಸ್ತಿ ಹೊತ್ತು ಕೊಡ್ಬೇಕಾದ್ದು ಇಲ್ಲಿ. ಕ್ಯಾಮೆರಾ ಬಾಡಿ ವಯಸ್ಸಿಗೆ ಸಾಯಲ್ಲ, ಲೆನ್ಸ್ ನಮ್ಮ ಥಂಡಿಗೆ ಸಾಯತ್ತೆ. ಮಳೆನ ಇಂಚಿನ ಲೆಕ್ಕದಲ್ಲಿ ಡೈರಿಲಿ ಬರೆದಿಡೋ ಜನ ನಾವು, ನೂರು ಇಂಚು ದಾಟೋದು ಮಾಮೂಲಿ. ಜೂನಿಂದ ಸೆಪ್ಟೆಂಬರ್ ತನಕ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲದಕ್ಕೂ ಬೂಷ್ಟು ಬರೋವಾಗ ಲೆನ್ಸ್ ಬಿಡತ್ತಾ?

ಲೆನ್ಸ್ ಬಿಚ್ಚಿ, ಅಪರ್ಚರ್ (ಲೆನ್ಸೊಳಗಿನ ಬೆಳಕಿನ ಕಿಂಡಿ, ಎಫ್ ಸಂಖ್ಯೆ ಚಿಕ್ಕದಾದಷ್ಟೂ ದೊಡ್ಡದು) ರಿಂಗನ್ನ ಎಫ್ 2ಕ್ಕೆ ತಿರುಗಿಸಿ, ಹಿಂದಿರೋ ಸಣ್ಣ ಲಿವರನ್ನ ಸರಿಸಿ ಬ್ಲೇಡ್ ಪೂರ್ತಿ ತೆರೆದುಕೊಳ್ಳೋ ಹಾಗೆ ಮಾಡಿ, ಒಂದು ಕಡೆಯಿಂದ ಟಾರ್ಚ್ ಓರೆಯಾಗಿ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಧೂಳಿನ ಚುಕ್ಕಿಗಳು ಎಷ್ಟಿದ್ರೂ ತಲೆ ಕೆಡಿಸ್ಕೋಬೇಡಿ. ಜೇಡನ ಬಲೆ ಥರ, ಅಥವಾ ಒಂದು ಬಿಂದುವಿಂದ ಕವಲೊಡೆದು ಹರಡಿದ ಬೇರಿನ ಥರ ಕಂಡ್ರೆ ಅದು ಫಂಗಸ್. ಅಂಚಲ್ಲಿ ಸ್ವಲ್ಪ ಇದ್ರೆ ಫೋಟೋದಲ್ಲಿ ಗೊತ್ತೇ ಆಗಲ್ಲ, ಬಿಸಿಲಿಗೆ ಎದುರಾಗಿ ತೆಗೆದಾಗ ಮಾತ್ರ ಚಿತ್ರ ಮಂಕಾಗತ್ತೆ. ನಡುವಲ್ಲಿ ದಟ್ಟವಾಗಿದ್ರೆ ಬಿಚ್ಚಿ ತೊಳೆಯೋವರ ಹತ್ರ ಕೊಡಿ. ಬಹಳ ಹಳೇದಾದ್ರೆ ಗಾಜಿನ ಲೇಪನೇ ತಿಂದಿರತ್ತೆ, ತೊಳೆದ್ರೂ ಗುರುತು ಉಳಿಯತ್ತೆ. ಫಂಗಸ್ ಇರೋ ಲೆನ್ಸನ್ನ ಬೇರೆ ಲೆನ್ಸ್‌ಗಳ ಜೊತೆ ಒಂದೇ ಬ್ಯಾಗಲ್ಲಿ ಇಡ್ಬೇಡಿ.

ಮಾವನ 50 ಎಂಎಂ ಎಫ್ 2 ಲೆನ್ಸ್ ಹೋಗೇಬಿಟ್ಟಿತ್ತು. ಅದೃಷ್ಟಕ್ಕೆ ಇದರ ಕೆ ಮೌಂಟ್ (ಲೆನ್ಸ್ ಕೂರಿಸೋ ಬಾಯಿ) 1975ರಿಂದ ಇರೋದು, ಪೆಂಟಾಕ್ಸ್ ಇವತ್ತಿನ ಡಿಜಿಟಲ್ ಎಸ್‌ಎಲ್‌ಆರ್‌ಗೂ ಅದೇ ಕುಟುಂಬದ ಮೌಂಟ್ ಬಳಸತ್ತೆ. ಹಾಗಾಗಿ ಸೆಕೆಂಡ್ ಹ್ಯಾಂಡ್ 50 ಎಂಎಂ ಲೆನ್ಸ್ ಹುಡುಕೋದು ಕಷ್ಟ ಆಗ್ಲಿಲ್ಲ. ತಗೊಳ್ಳೋವಾಗ ಒಂದು ಮಾತು: ಅಪರ್ಚರ್ ರಿಂಗ್ ಇರೋ ಲೆನ್ಸೇ ಬೇಕು. ಹೊಸ ಕಾಲದ ರಿಂಗಿಲ್ಲದ ಲೆನ್ಸ್ ಕೂತ್ಕೊಳ್ಳತ್ತೆ, ಆದ್ರೆ ಅಪರ್ಚರ್ ಬದಲಾಯಿಸೋಕಾಗಲ್ಲ.

ಮೂರನೇದು: ಬ್ಯಾಟರಿ, ಮೀಟರ್

ತಳದಲ್ಲಿರೋ ದುಂಡು ಮುಚ್ಚಳನ ಒಂದು ರೂಪಾಯಿ ನಾಣ್ಯದಲ್ಲಿ ಬಿಚ್ಚಿ, ಒಂದು ಎಲ್‌ಆರ್44 ಬಟನ್ ಬ್ಯಾಟರಿ ಹಾಕಿ. ವಾಚ್ ಅಂಗಡಿಯಲ್ಲಿ ಸಿಗತ್ತೆ. ಎಸ್‌ಆರ್44 ಸಿಕ್ರೆ ಇನ್ನೂ ಒಳ್ಳೇದು, ವೋಲ್ಟೇಜ್ ಕೊನೇ ತನಕ ಒಂದೇ ಸಮ ಇರತ್ತೆ. ಹಸಿರು ಕಿಲುಬು ಕಟ್ಟಿದ್ರೆ ಇಯರ್ ಬಡ್‌ಗೆ ವಿನೆಗರ್ ಹಚ್ಚಿ ಒರೆಸಿ, ಒಣಗಿಸಿ. ವ್ಯೂಫೈಂಡರಲ್ಲಿ ಬಲಗಡೆ ಒಂದು ಮುಳ್ಳು ಕಾಣತ್ತೆ: ಮೇಲೆ ಹೋದ್ರೆ ಬೆಳಕು ಜಾಸ್ತಿ, ಕೆಳಗೆ ಬಂದ್ರೆ ಕಮ್ಮಿ, ನಡುವೆ ನಿಂತ್ರೆ ಸರಿ. ಮೀಟರ್ ಸುಳ್ಳು ಹೇಳ್ತಿದ್ಯಾ ಅಂತ ತಿಳಿಯೋಕೆ ಮೊಬೈಲಿನ ಲೈಟ್ ಮೀಟರ್ ಆ್ಯಪ್ ಜೊತೆ ಒಂದೇ ಗೋಡೆನ ತಾಳೆ ನೋಡಿ. ಸ್ವಿಚ್ ಇಲ್ಲ ಅಂದ್ನಲ್ಲ, ಬೆಳಕು ಬೀಳೋ ತನಕ ಮೀಟರ್ ಬ್ಯಾಟರಿ ತಿಂತಾನೇ ಇರತ್ತೆ, ಲೆನ್ಸ್ ಕ್ಯಾಪ್ ಹಾಕೋದೇ ಆಫ್ ಮಾಡೋದು.

ನಾಲ್ಕನೇದು: ಫಿಲ್ಮ್ ಹಾಕೋದು

ಇಲ್ಲಿ ನನ್ನ ಮಾನ ಹೋದ ಕಥೆ ಇದೆ. ಕೈಲ್ ಮುಹೂರ್ತದ (ಕೊಡವರ ಆಯುಧಪೂಜೆ ಹಬ್ಬ) ದಿನ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ, ನಾನು ಕುಪ್ಯ (ಕೊಡವರ ಉದ್ದ ನಿಲುವಂಗಿ) ಹಾಕ್ಕೊಂಡ ಹಿರಿಯರನ್ನೆಲ್ಲ ನಿಲ್ಲಿಸಿ ನಿಲ್ಲಿಸಿ ಫೋಟೋ ತೆಗೆದಿದ್ದೇ ತೆಗೆದಿದ್ದು. ಕೌಂಟರ್ 36 ದಾಟ್ತು, 37, 38, 39, ಫಿಲ್ಮ್ ಮುಂದೆ ಸರಿಸೋ ಲಿವರ್ ಇನ್ನೂ ಬೆಣ್ಣೆ ಥರ ಓಡ್ತಿದೆ. 40ಕ್ಕೆ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯ್ತು. ಫಿಲ್ಮಿನ ತುದಿ ಸ್ಪೂಲಿಗೆ ಸಿಕ್ಕೇ ಇರಲಿಲ್ಲ, ಇಡೀ ದಿನ ಡಬ್ಬಿಯೊಳಗೆ ಆರಾಮಾಗಿ ನಿದ್ದೆ ಮಾಡ್ತಿತ್ತು. ಅವತ್ತು ನಿಂತ್ಕೊಂಡವರಲ್ಲಿ ಇಬ್ಬರು ಈಗಲೂ ಸಂತೆಯಲ್ಲಿ ಸಿಕ್ಕಾಗ "ಎಂಥ ಮಾರಾಯ, ನನ್ನ ಫೋಟೋ ಎಲ್ಲಿ?" ಅಂತಾರೆ.

ಅದಕ್ಕೆ ಇದನ್ನ ಅವಸರ ಮಾಡದೆ, ನೆರಳಲ್ಲಿ ನಿಂತು ಮಾಡಿ. ರಿವೈಂಡ್ ಗುಬ್ಬಿ ಎಳೆದು ಬಾಗಿಲು ತೆಗೀರಿ. ಡಬ್ಬಿನ ಎಡಗಡೆ ಗೂಡಲ್ಲಿ ಕೂರಿಸಿ ಗುಬ್ಬಿನ ಕೆಳಗೆ ಒತ್ತಿ. ಫಿಲ್ಮಿನ ನಾಲಿಗೆ ಎಳೆದು ಬಲಗಡೆ ಸ್ಪೂಲಿನ ಸೀಳಿಗೆ ಸೇರಿಸಿ. ಲಿವರ್ ಒಂದು ಸಲ ಎಳೆದು, ಫಿಲ್ಮಿನ ಎರಡೂ ಅಂಚಿನ ತೂತುಗಳು ಹಲ್ಲಿನ ಚಕ್ರಕ್ಕೆ ಸರಿಯಾಗಿ ಕೂತಿವೆಯಾ ಕಣ್ಣಾರೆ ನೋಡಿ, ಆಮೇಲೆ ಬಾಗಿಲು ಮುಚ್ಚಿ. ಈಗ ಮುಖ್ಯವಾದ್ದು: ರಿವೈಂಡ್ ಹಿಡಿನ ಮೆಲ್ಲಗೆ ತಿರುಗಿಸಿ ಸಡಿಲ ಇರೋದನ್ನ ಬಿಗಿ ಮಾಡ್ಕೊಂಡು, ಲಿವರ್ ಎಳೆಯೋವಾಗ ಆ ಗುಬ್ಬಿ ತನ್ನಷ್ಟಕ್ಕೆ ತಿರುಗ್ತಿದ್ಯಾ ನೋಡಿ. ತಿರುಗಿದ್ರೆ ಫಿಲ್ಮ್ ಓಡ್ತಿದೆ. ತಿರುಗದಿದ್ರೆ ನನ್ನ ಗತಿನೇ ನಿಮ್ಮದೂ. ಕೌಂಟರ್ 1ಕ್ಕೆ ಬರೋ ತನಕ ಖಾಲಿ ಕ್ಲಿಕ್ ಮಾಡಿ.

ಶಟರ್ ಡಯಲ್ಲಿನ ಹೊರಗಿನ ಉಂಗುರನ ಮೇಲಕ್ಕೆತ್ತಿ ತಿರುಗಿಸಿ ಫಿಲ್ಮಿನ ಐಎಸ್‌ಒ (ಬೆಳಕಿಗೆ ಅದು ಎಷ್ಟು ಚುರುಕು ಅನ್ನೋ ಸಂಖ್ಯೆ) ಕೂರಿಸಿ. ಡಯಲ್ ಮೇಲೆ ಎಎಸ್‌ಎ ಅಂತ ಇರತ್ತೆ, ಸಂಖ್ಯೆ ಒಂದೇ.

ಯಾವ ಫಿಲ್ಮ್? ಒಂದು ಕಾಲದಲ್ಲಿ ಪಕ್ಕದ ಊಟಿಯಲ್ಲೇ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಇತ್ತು, 1960ರಲ್ಲಿ ಸ್ಥಾಪನೆ ಆಗಿದ್ದು, 'ಇಂದು' ಅನ್ನೋ ಹೆಸರಲ್ಲಿ ಕಪ್ಪುಬಿಳುಪು ಫಿಲ್ಮ್ ಮಾರ್ತಿತ್ತು. ಈಗ ಅದು ಮುಚ್ಚಿಹೋಗಿದೆ, ಎಲ್ಲಾ ಹೊರಗಿಂದ ಬರ್ಬೇಕು, ರೇಟು ಕೇಳಿದ್ರೆ ಕಾಫಿ ರೇಟು ಇಳಿದ ದಿನ ಆದಷ್ಟೇ ಸಂಕಟ ಆಗತ್ತೆ. ಡಿಸೆಂಬರಿಂದ ಏಪ್ರಿಲ್ ತನಕ ಬಿಸಿಲಿಗೆ ಕೊಡಾಕ್ ಗೋಲ್ಡ್ 200 ಸಾಕು. ಮಳೆಗಾಲಕ್ಕೆ, ತೋಟದೊಳಗೆ, ಮನೆಯೊಳಗೆ 400ರದ್ದೇ ಬೇಕು: ಕಲರಲ್ಲಿ ಅಲ್ಟ್ರಾಮ್ಯಾಕ್ಸ್, ಕಪ್ಪುಬಿಳುಪಲ್ಲಿ ಇಲ್ಫೋರ್ಡ್ ಎಚ್‌ಪಿ5. ನನ್ನ ಕೇಳಿದ್ರೆ ಜುಲೈ ತಿಂಗಳ ಕೊಡಗು ಕಪ್ಪುಬಿಳುಪಿಗೇ ಹೇಳಿ ಮಾಡಿಸಿದ್ದು. ಕೊಡವರ ಕಕ್ಕಡ ತಿಂಗಳ 18ರ ಮದ್ದುಸೊಪ್ಪಿನ ಪಾಯಸದ ಬಣ್ಣ ಒಂದನ್ನ ಬಿಟ್ಟು, ಅದು ಕಲರಲ್ಲೇ ಬರ್ಬೇಕು.

ಐದನೇದು: ಬೆಳಕಿನ ಲೆಕ್ಕ

ಸನ್ನಿ 16 ಅಂತ ಒಂದು ಹಳೇ ಲೆಕ್ಕ ಇದೆ: ಚೆನ್ನಾಗಿ ಬಿಸಿಲಿದ್ರೆ ಅಪರ್ಚರ್ ಎಫ್ 16, ಶಟರ್ ಫಿಲ್ಮಿನ ಐಎಸ್‌ಒಗೆ ಹತ್ತಿರದ್ದು. 200ರ ಫಿಲ್ಮಿಗೆ 1/250 ಸೆಕೆಂಡ್. ತೆಳು ಮೋಡಕ್ಕೆ ಎಫ್ 11, ದಟ್ಟ ಮೋಡಕ್ಕೆ ಎಫ್ 8, ಕರೀ ಮೋಡಕ್ಕೆ ಎಫ್ 5.6. ಕಣದಲ್ಲಿ ಕಾಫಿ ಹರಡೋ ಫೋಟೋಗೆ ಮೀಟರೇ ಬೇಡ, ಈ ಲೆಕ್ಕ ಸಾಕು.

ಆದ್ರೆ ಕಾಫಿ ಗಿಡದ ಅಡಿಯಲ್ಲಿ ಈ ಲೆಕ್ಕ ಕೈ ಕೊಡತ್ತೆ. ಸಿಲ್ವರ್ ಓಕು, ಹಲಸು, ಅದಕ್ಕೆ ಹಬ್ಬಿದ ಮೆಣಸು ಬಳ್ಳಿ, ಅದರ ಕೆಳಗೆ ಕಾಫಿ, ಮೂರು ಅಂತಸ್ತು ದಾಟಿ ಬೆಳಕು ಬರೋ ಹೊತ್ತಿಗೆ ಏನೂ ಉಳಿದಿರಲ್ಲ. ಮೋಡದ ದಿನ 400ರ ಫಿಲ್ಮಲ್ಲೂ 1/60, ಎಫ್ 4ರ ಆಸುಪಾಸು ನಾನು ತೆಗೆಯೋದು. ಬಿಸಿಲಿನ ದಿನ ಇನ್ನೂ ಕಷ್ಟ, ಎಲೆಗಳ ಸಂದಿಯಿಂದ ಬಿದ್ದ ಬಿಸಿಲ ಚೂರುಗಳನ್ನ ನೋಡಿ ಮೀಟರ್ ಮೋಸ ಹೋಗತ್ತೆ, ಇದರ ಮೀಟರು ಇಡೀ ಫ್ರೇಮಿನ ಸರಾಸರಿ ತಗೊಳ್ಳೋದು ತಾನೇ. ನಿಮಗೆ ಬೇಕಾದ ಮುಖ ನೆರಳಲ್ಲಿದ್ರೆ ಹತ್ರ ಹೋಗಿ ಆ ಮುಖದ ಮೇಲೇ ಅಳೆದು, ವಾಪಸ್ ಬಂದು ತೆಗೀರಿ.

ಮಂಜು ಇನ್ನೊಂದು ಬಲೆ. ಮಾಂದಲಪಟ್ಟಿಗೋ ರಾಜಾಸೀಟಿಗೋ ಹೋಗಿ ಬೆಳಿಗ್ಗೆ ಮಂಜು ತೆಗೆದವರ ಫೋಟೋ ಯಾಕೆ ಬೂದಿ ಬಳಿದ ಹಾಗಿರತ್ತೆ ಅಂದ್ರೆ, ಮೀಟರಿಗೆ ಬಿಳಿ ಅಂತ ಗೊತ್ತಿಲ್ಲ, ಎಲ್ಲಾನೂ ನಡುಮಧ್ಯದ ಬೂದಿ ಬಣ್ಣ ಅಂದ್ಕೊಂಡೇ ಅಳೆಯತ್ತೆ. ಮುಳ್ಳು ನಡುವಿಗೆ ತಂದು, ಆಮೇಲೆ ಅಪರ್ಚರ್ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡರಷ್ಟು) ಜಾಸ್ತಿ ತೆರೀರಿ, ಎಫ್ 8 ತೋರಿಸಿದ್ರೆ ಎಫ್ 5.6 ಮತ್ತೆ ಎಫ್ 4ರ ಮಧ್ಯ. ಹೂಮಳೆ ಬಿದ್ದು ಎಂಟ್ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗತ್ತಲ್ಲ, ಆ ಕಾಫಿ ಹೂವಿಗೂ ಇದೇ ಉಪಾಯ, ಒಂದು ಸ್ಟಾಪ್ ಸಾಕು. ಕಲರ್ ನೆಗೆಟಿವ್ ಬೆಳಕು ಜಾಸ್ತಿ ಆದ್ರೆ ಸಹಿಸ್ಕೊಳ್ಳತ್ತೆ, ಕಮ್ಮಿ ಆದ್ರೆ ಸಹಿಸಲ್ಲ. ಡೌಟ್ ಬಂದಾಗ ಒಂದು ಸ್ಟಾಪ್ ಜಾಸ್ತಿ ಕೊಟ್ಬಿಡಿ.

ಫೋಕಸಿಗೆ ನಡುವೆ ಒಂದು ವೃತ್ತ ಇರತ್ತೆ, ಫೋಕಸ್ ತಪ್ಪಿದ್ರೆ ಅದರಲ್ಲಿ ಚಿತ್ರ ಪುಡಿಪುಡಿಯಾಗಿ ಮಿನುಗತ್ತೆ, ಸರಿಯಾದ್ರೆ ತಿಳಿಯಾಗತ್ತೆ. ಕೈಯಲ್ಲಿ ಹಿಡಿದು 1/60ಕ್ಕಿಂತ ಕೆಳಗೆ ಹೋಗ್ಬೇಡಿ. ಫ್ಲಾಶ್ ಹಾಕೋದಾದ್ರೂ 1/60 ಅಥವಾ ಅದಕ್ಕಿಂತ ನಿಧಾನ, ಇಲ್ಲಾಂದ್ರೆ ಅರ್ಧ ಫೋಟೋ ಕಪ್ಪು.

ಆರನೇದು: ಸುತ್ತಿ, ತೊಳೆದು

36 ಮುಗಿದು ಲಿವರ್ ಗಟ್ಟಿಯಾದ್ರೆ ಜೋರು ಮಾಡ್ಬೇಡಿ. ತಳದಲ್ಲಿರೋ ಸಣ್ಣ ಬಟನ್ ಒತ್ತಿ, ರಿವೈಂಡ್ ಹಿಡಿ ಬಿಡಿಸಿ, ಬಾಣದ ಕಡೆ ಸುತ್ತಿ. ಕೊನೆಗೆ ಒಂದು ಎಳೆತ ಬಂದು ತಟ್ಟನೆ ಹಗುರ ಆಗತ್ತೆ, ಆಮೇಲೇ ಬಾಗಿಲು.

ಕಲರ್ ಫಿಲ್ಮನ್ನ ನಾನು ಬೆಂಗಳೂರಿನ ಲ್ಯಾಬಿಗೆ ಕೊರಿಯರ್ ಮಾಡ್ತೀನಿ, ಸ್ಕ್ಯಾನ್ ಮಾಡಿ ಕಳಿಸ್ತಾರೆ. ಕಲರ್ ತೊಳೆಯೋ ಸಿ-41 ಕೆಮಿಕಲ್ಲಿಗೆ 38 ಡಿಗ್ರಿ ಬಿಸಿ ಕರಾರುವಾಕ್ಕಾಗಿ ಇರ್ಬೇಕು, ಅದನ್ನ ಬಚ್ಚಲಲ್ಲಿ ಮಾಡೋ ತಾಳ್ಮೆ ನಂಗಿಲ್ಲ. ಕಪ್ಪುಬಿಳುಪು ಮಾತ್ರ ಮನೆಯಲ್ಲೇ ತೊಳೀರಿ, ಅದಕ್ಕೆ ಬೇಕಾದ್ದು 20 ಡಿಗ್ರಿ ನೀರು. ಬೆಂಗಳೂರಿನವರು ಬೇಸಿಗೆಯಲ್ಲಿ ಐಸ್ ಹಾಕಿ ಒದ್ದಾಡ್ತಾರೆ, ನಮಗೆ ವರ್ಷದ ಎಷ್ಟೋ ತಿಂಗಳು ನಲ್ಲಿ ತಿರುಗಿಸಿದ್ರೆ ಹೆಚ್ಚುಕಮ್ಮಿ ಅದೇ ಬರತ್ತೆ. ಕತ್ತಲಲ್ಲಿ ಫಿಲ್ಮನ್ನ ರೀಲಿಗೆ ಸುತ್ತಿ ಟ್ಯಾಂಕಿಗೆ ಹಾಕಿ. ಎಚ್‌ಪಿ5ನ 400ರಲ್ಲೇ ತೆಗೆದಿದ್ರೆ ನೀರು ಬೆರೆಸದ ಡಿ-76 ಡೆವಲಪರಲ್ಲಿ (ಚಿತ್ರ ಮೂಡಿಸೋ ದ್ರಾವಣ) ಏಳೂವರೆ ನಿಮಿಷ, ಪ್ರತಿ ನಿಮಿಷಕ್ಕೆ ಹತ್ತು ಸೆಕೆಂಡು ಮೆಲ್ಲಗೆ ತಿರುವಿ. ಆಮೇಲೆ ಅದನ್ನ ನಿಲ್ಲಿಸೋ ಸ್ಟಾಪ್ ಬಾತ್, ಐದು ನಿಮಿಷ ಚಿತ್ರ ಗಟ್ಟಿ ಮಾಡೋ ಫಿಕ್ಸರ್, ಚೆನ್ನಾಗಿ ನೀರು. ಒಣ ಹಾಕೋಕೆ ಬಚ್ಚಲೇ ಒಳ್ಳೇದು, ಧೂಳು ಕಮ್ಮಿ. ಒಲೆ ಹತ್ರ ಬೇಡ, ಮಳೆಗಾಲದಲ್ಲಿ ಒಣಗ್ತಿಲ್ಲ ಅಂತ ನಾನು ಒಲೆ ಮೇಲಿನ ಹಗ್ಗಕ್ಕೆ ತೂಗು ಹಾಕಿದ ಒಂದು ರೋಲಲ್ಲಿ ಈಗಲೂ ಪ್ರತೀ ಆಕಾಶದಲ್ಲೂ ಬೂದಿ ಹಾರ್ತಿದೆ.

ಮಾವನ ಆ ಬಿಸಿಲು ಕಂಡ ಫಿಲ್ಮನ್ನೂ ಲ್ಯಾಬಿಗೆ ಕಳಿಸಿದ್ದೆ, ಆಸೆ ಇಟ್ಕೊಳ್ದೆ. ತೆಗೆದ ಫ್ರೇಮು ಸ್ಪೂಲಿಗೆ ಪದರ ಪದರವಾಗಿ ಸುತ್ಕೊಂಡಿರತ್ತಲ್ಲ, ಹೊರಗಿನ ಪದರ ಸುಟ್ಟುಹೋದ್ರೂ ಒಳಗಿನದ್ದಕ್ಕೆ ಬೆಳಕು ಅಷ್ಟು ತಲುಪಿರಲ್ಲ. ಐದು ಫ್ರೇಮ್ ಉಳಿದಿತ್ತು. ಅಂಚೆಲ್ಲ ಕಿತ್ತಳೆ ಬಣ್ಣ, ನಡುವೆ ಮಸುಕಾಗಿ ಹಳೇ ಜೀಪು, ಬಾನೆಟ್ ಮೇಲೆ ಚಡ್ಡಿ ಹಾಕ್ಕೊಂಡು ಕೂತ ಹುಡುಗ. ಅದು ನಾನೇ. ಅತ್ತೆ ಅದನ್ನ ಫ್ರೇಮ್ ಹಾಕಿಸಿ ಟಿವಿ ಮೇಲೆ ತೂಗು ಹಾಕಿದ್ದಾರೆ.

ಏಳನೇದು: ಮಳೆಗಾಲದ ಪಥ್ಯ

ಲೆದರ್ ಕೇಸನ್ನ ಬಿಸಾಕಿ, ಅಥವಾ ನೆನಪಿಗೆ ಬೇರೆ ಕಡೆ ಇಡಿ. ಬೂಷ್ಟಿನ ತವರುಮನೆ ಅದು. ಬೀರೂ ಬೇಡ. ಅಟ್ಟದಲ್ಲಿ, ಒಲೆ ಮೇಲೆ ಬೆಚ್ಚಗಿರತ್ತೆ ಅಂತ ಇಡೋರಿದ್ದಾರೆ, ಬಿಸಿಗೆ ಲೆನ್ಸಿನ ಗ್ರೀಸ್ ಕರಗಿ ಅಪರ್ಚರ್ ಬ್ಲೇಡಿಗೆ ಇಳಿದು ಅಂಟ್ಕೊಳ್ಳತ್ತೆ. ಅಕ್ಕಿ ಡಬ್ಬದಲ್ಲಿ ಹೂತಿಡೋದೂ ಬೇಡ, ಪುಡಿ ಹೋಗಿ ಸಂದಿಗೆ ಕೂರತ್ತೆ.

ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ರಬ್ಬರ್ ಬಿಗಿ ಮುಚ್ಚಳ ಇರೋದು ಒಂದು ತಗೊಳ್ಳಿ, ಒಳಗೆ ಕಾಲು ಕೆಜಿ ಸಿಲಿಕಾ ಜೆಲ್ ಬಟ್ಟೆ ಚೀಲದಲ್ಲಿ, ಒಂದು ಸಣ್ಣ ಹೈಗ್ರೋಮೀಟರ್. ತೇವಾಂಶ ಶೇಕಡಾ 40ರಿಂದ 50ರೊಳಗೆ ನಿಲ್ಲಿಸಿ. ಬಣ್ಣ ಬದಲಾಯಿಸೋ ಜೆಲ್ ತಗೊಂಡ್ರೆ ನೀರು ಕುಡಿದು ಮುಗೀತು ಅಂತ ಅದೇ ಹೇಳತ್ತೆ, ಹಳೇ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಬಣ್ಣ ವಾಪಸ್ ಬರೋ ತನಕ ಬಿಸಿ ಮಾಡಿ ಮತ್ತೆ ಬಳಸಿ. ಆ ಬಾಣಲೆ ಅಡುಗೆಗೆ ವಾಪಸ್ ಹೋಗ್ಬಾರ್ದು. ಶಟರ್ ಕಾಕ್ ಮಾಡಿ (ಲಿವರ್ ಎಳೆದು) ಇಡ್ಬೇಡಿ, ಸ್ಪ್ರಿಂಗ್ ಸಡಿಲ ಬಿಟ್ಟಿಡಿ. ಹೊರಗೆ ಮಳೆಯಲ್ಲಿ ತಿರುಗಿ ಬಂದ್ರೆ ಒದ್ದೆ ಒರೆಸಿ, ಒಂದು ರಾತ್ರಿ ಒಣ ಕೋಣೆಯಲ್ಲಿ ಬಿಟ್ಟು ಆಮೇಲೆ ಡಬ್ಬಕ್ಕೆ.

ಮತ್ತೆ ವಾರಕ್ಕೊಂದ್ಸಲ ತೆಗೆದು ಓಡಿಸಿ, ಫಿಲ್ಮ್ ಇಲ್ಲದಿದ್ರೂ ಪರವಾಗಿಲ್ಲ. 1000ದಿಂದ ಶುರು ಮಾಡಿ 1ರ ತನಕ ಪ್ರತೀ ಸ್ಪೀಡಲ್ಲೂ ಐದೈದು ಸಲ. ನಾನು ಭಾನುವಾರ ತಿಂಡಿ ಆದ್ಮೇಲೆ ಜಗಲಿಯಲ್ಲಿ ಕೂತು ಮಾಡ್ತೀನಿ, ಹೆಂಚಿನ ಮೇಲೆ ಮಳೆ ಸದ್ದು ಎಷ್ಟೇ ಇದ್ರೂ ಮಾವನಿಗೆ ಒಳಗೆ ಕೇಳತ್ತೆ. ಹೋದ ವಾರ ಕೊನೇ ಸ್ಪೀಡಿಗೆ ಬಂದು ಒತ್ತಿದ ಕೂಡಲೇ ಅಡುಗೆಮನೆಯಿಂದ ಕೂಗಿದ್ರು, "ಒಂದು ಸೆಕೆಂಡಿನದ್ದು ಸ್ವಲ್ಪ ಎಳೀತಾ ಇದೆ ನೋಡು, ಇನ್ನೊಂದು ಹತ್ತು ಸಲ ಒತ್ತು."